ಯಾರೂ ‘ಹೋಗಿ ಬಾ’ ಅನ್ನದ ಮಧ್ಯಾಹ್ನ

ನಮ್ಮೂರಿನಲ್ಲಿ ಗಂಡಹೆಂಡತಿ ಎಷ್ಟೇ ಕಚ್ಚಾಡಿಕೊಂಡಿರಲಿ, ಬೆಳಗಾದರೆ ಒಂದು ಮಾತನ್ನಾದರೂ ಆಡಲೇಬೇಕು. ಗಂಡ ಗಾಡಿ ಹತ್ತುತ್ತಾನೆ, ಹೆಂಡತಿ ಬಾಗಿಲಿಗೆ ಬಂದು ಅವನ ಮುಖ ನೋಡಿ "ಹೋಗಿ ಬನ್ನಿ" ಅನ್ನುತ್ತಾಳೆ, ಆಗ ಗಾಡಿ ಸ್ಟಾರ್ಟ್ ಆಗುತ್ತದೆ. ಅನ್ನದಿದ್ದರೆ ಇಲ್ಲ. ಕಿಕ್ ಹೊಡೆದು ಹೊಡೆದು ಕಾಲು ನೋಯಬೇಕು ಅಷ್ಟೆ. ನಮ್ಮ ಬೀದಿಯ ಹಿಟ್ಟಿನ ಗಿರಣಿ ಶಾಂತಪ್ಪನ ಹೆಂಡತಿ ಅವನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ದಿನಾ ಬೆಳಗ್ಗೆ ಕಸಬರಿಗೆ ಹಿಡಿದುಕೊಂಡು ಹೊರಗೆ ಬಂದು, ಬೆಕ್ಕನ್ನು ಓಡಿಸುವ ದನಿಯಲ್ಲಿ "ಹೋಗಿ ಬನ್ನಿ" ಅಂದು ಒಳಗೆ ಹೋಗುತ್ತಿದ್ದಳು. ದನಿ ಹೇಗಿದ್ದರೂ ನಡೆಯುತ್ತದೆ. ಮುಖ ನೋಡಿ ಹೇಳಬೇಕು, ಹೇಳುವವರು ಹಿಂದೆ ಉಳಿಯುವವರಾಗಿರಬೇಕು. ಫೋನಿನಲ್ಲಿ ಹೇಳಿದರೆ ಆಗದು. ಹಿಂದಿನ ಸೀಟಿನಲ್ಲಿ ಕೂತವನು ಹೇಳಿದರೂ ಆಗದು. ಒಬ್ಬಂಟಿ ಮೇಷ್ಟರೊಬ್ಬರು ಇದಕ್ಕೆಂದೇ ಗಿಳಿ ಸಾಕಿ ಕಲಿಸಿದ್ದರು. ಗಿಳಿ ಬಹಳ ಚೆನ್ನಾಗಿ ಹೇಳುತ್ತಿತ್ತು, ಸ್ಕೂಟರ್ ಮಾತ್ರ ಉಸಿರೆತ್ತಲಿಲ್ಲ.

ಆ ಮೇಷ್ಟರು ಆಮೇಲೆ ನನ್ನ ಹತ್ತಿರ ಬರತೊಡಗಿದರು. ಬಸ್ ಸ್ಟ್ಯಾಂಡಿನ ಪಕ್ಕ ಸೈಕಲ್ಲು, ಬೈಕು ನಿಲ್ಲಿಸಿಕೊಳ್ಳುವ ಸ್ಟ್ಯಾಂಡ್ ನನ್ನದು. ತಗಡಿನ ಮಾಡು, ಒಂದು ಮರದ ಕುರ್ಚಿ, ಒಂದು ಮಡಕೆ ನೀರು. ಮನೆಯಲ್ಲಿ ಯಾರೂ ಇಲ್ಲದವರು, ಬಾಡಿಗೆ ರೂಮಿನ ಹುಡುಗರು, ಮನೆಯವರ ಮೇಲೆ ಮುನಿಸಿಕೊಂಡು ಬಂದವರು, ಎಲ್ಲರಿಗೂ ನಾನೇ ಹೇಳಿ ಕಳಿಸುತ್ತಿದ್ದೆ. "ದಾಕ್ಷಕ್ಕ, ಬಾಯಲ್ಲಿ ಒಂದು ಮಾತು ಹಾಕು" ಅನ್ನುತ್ತಿದ್ದರು. ನಾನು ಹಾಕುತ್ತಿದ್ದೆ. ಒಂದು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ, ಲೆಕ್ಕ ಇಟ್ಟವರು ಯಾರು? ಕೆಲವು ಸಂಜೆ ಮನೆಗೆ ಹೋಗಿ ಒಲೆಯ ಮೇಲಿನ ಹಾಲಿಗೂ "ಹೋಗಿ ಬಾ" ಅಂದದ್ದುಂಟು.

ಹೇಳುವುದಿಲ್ಲ ಅನ್ನುವ ಪದ್ಧತಿ ಮಾತ್ರ ನಮ್ಮೂರಿನಲ್ಲಿ ಇರಲಿಲ್ಲ. ಹೊರಟವನಿಗೆ ಆ ಮಾತು ಹೇಳದೆ ಬಾಯಿ ಮುಚ್ಚಿಕೊಂಡರೆ ಅವನು ಹಿಂದಿರುಗಿ ಬರುವುದು ಬೇಡ ಅಂದ ಹಾಗೆ. ಅದಕ್ಕಿಂತ ದೊಡ್ಡ ಶಾಪ ಇಲ್ಲ. ಆಸ್ತಿ ವ್ಯಾಜ್ಯದಲ್ಲಿ ಎದುರಾಬದುರಾ ನಿಂತ ಅಣ್ಣತಮ್ಮಂದಿರು ಕೂಡ ಕೋರ್ಟಿನ ಬಾಗಿಲಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡೇ ಗಾಡಿ ಹತ್ತುತ್ತಿದ್ದರು. ಹಾಗಾಗಿ, ಬಾಯಿ ನಾರುತ್ತಿದ್ದರೂ, ಕಾಲು ತಡವರಿಸುತ್ತಿದ್ದರೂ, ಗಾಡಿ ಮೇಲೆ ಕೂತು ಮುಖ ನೋಡಿದವನಿಗೆ ನಾವು ಹೇಳಿಬಿಡುತ್ತಿದ್ದೆವು. ಹೇಳುವಾಗ "ನಿಧಾನ ಕಣಪ್ಪ" ಅಂತ ಸೇರಿಸಿ ನಮ್ಮ ಸಮಾಧಾನ ಮಾಡಿಕೊಳ್ಳುತ್ತಿದ್ದೆವು.

ಹುಣಸೆಹಣ್ಣು ಮಾರುವ ಕೆಂಚಮ್ಮನೂ ಹಾಗೆಯೇ ಹೇಳಿದ್ದಳು. ಅವಳ ಮಗ ಸಿದ್ಧೇಶ ಯಾರದೋ ಹುಟ್ಟಿದಹಬ್ಬದಲ್ಲಿ ಕುಡಿದು, ಅಂಗಿ ಬದಲಾಯಿಸಿಕೊಳ್ಳಲು ಮನೆಗೆ ಬಂದಿದ್ದ. ಮತ್ತೆ ಹೊರಟಾಗ ತಾಯಿ ಬಾಗಿಲಲ್ಲಿ ನಿಂತಿದ್ದಳು. ವಾಸನೆ ಅವಳಿಗೂ ಬಡಿದಿತ್ತು. ಹೆತ್ತವಳು ಹೇಳದೆ ಕಳಿಸಿದರೆ ಕೇಡಾದೀತು ಅಂತ ಹೇಳಿದಳು. ಕೆರೆ ಏರಿಯ ತಿರುವಿನಲ್ಲಿ ಅವನ ಹೆಣ ಸಿಕ್ಕಿತು. ಊರಿನಲ್ಲಿ ಅವಳನ್ನು ದೂರಿದವರು ಯಾರೂ ಇಲ್ಲ, ಅವಳ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಆದರೆ ಅವತ್ತಿನಿಂದ ಕೆಂಚಮ್ಮ ಆ ಮಾತನ್ನು ಯಾರಿಗೂ ಹೇಳಲಿಲ್ಲ, ಯಾರೂ ಅವಳನ್ನು ಕೇಳಲೂ ಇಲ್ಲ. ಉಳಿದ ಮಾತೆಲ್ಲ ಮೊದಲಿಗಿಂತ ಖಾರವಾಗಿ ಆಡುತ್ತಿದ್ದಳು. ತಕ್ಕಡಿ ಹಿಡಿದು ಕೂತರೆ ಊರ ಮುಖಂಡನನ್ನೂ ಬಿಡುತ್ತಿರಲಿಲ್ಲ.

ನಾನು ಹೇಳಹೊರಟಿದ್ದು ನನ್ನ ಅಣ್ಣನ ಮಗಳು ನಾಗವೇಣಿಯ ಮದುವೆ ದಿನದ ಕಥೆ. ಅಣ್ಣ ತಿಪ್ಪಯ್ಯನಿಗೆ ಇಬ್ಬರು ಮಕ್ಕಳು. ನಾಗವೇಣಿ ದೊಡ್ಡವಳು, ಓಬಳೇಶ ಚಿಕ್ಕವನು. ಅವನನ್ನು ಎಲ್ಲರೂ ಓಬಿ ಅನ್ನುತ್ತೇವೆ. ಪಾಲಿಟೆಕ್ನಿಕ್ ಕೊನೇ ವರ್ಷ. ಒಳ್ಳೆಯ ಹುಡುಗ, ಕೈ ಚುರುಕು. ಆದರೆ ಯಾರಾದರೂ ನಾಲ್ಕು ಜನರೆದುರು ಒಂದು ಮಾತು ಅಂದರೆ ಕಿವಿ ಕೆಂಪಾಗಿಬಿಡುತ್ತದೆ. ಅದು ನಮ್ಮಣ್ಣನಿಂದಲೇ ಬಂದದ್ದು. ಮದುವೆ ನಮ್ಮೂರ ಛತ್ರದಲ್ಲಿ. ಛತ್ರ ದಿಬ್ಬದ ಮೇಲಿದೆ. ಅಂಗಳ ಗೇಟಿನ ಕಡೆಗೆ ಇಳಿಜಾರು, ಗೇಟು ದಾಟಿದರೆ ನೇರ ಊರ ಹೊರಗಿನ ದೊಡ್ಡ ರಸ್ತೆ. ಆ ರಸ್ತೆಯಲ್ಲಿ ಹಗಲೆಲ್ಲ ಜಲ್ಲಿ ಲಾರಿಗಳು ಬೀಸಿಕೊಂಡು ಹೋಗುತ್ತಿರುತ್ತವೆ.

ಗಂಡಿನ ಕಡೆಯವರು ಪರವೂರಿನವರು. ಬೆಳಗ್ಗೆ ಅವರ ವ್ಯಾನು ಊರ ಬಾಗಿಲ ಹತ್ತಿರ ಕೆಮ್ಮಿ ನಿಂತುಬಿಟ್ಟಿತ್ತು. ಊರೊಳಗೆ ಬರುವ ಹೊರಗಿನವರ ವಾಹನವೆಲ್ಲ ಅಲ್ಲಿ ಹಾಗೆ ನಿಲ್ಲುವುದೇ. ಅಣ್ಣ ಯಾರನ್ನೋ ಓಡಿಸಿ, ಡ್ರೈವರನ ಮುಖ ನೋಡಿ ಹೇಳಿಸಿ, ಕರೆತಂದ. ಗಂಡಿನ ಅಜ್ಜ ರುದ್ರಪ್ಪನವರು ಅದನ್ನು ನಮ್ಮ ಕಡೆಯ ಬೀಗರ ಉಪಚಾರ ಅಂದುಕೊಂಡು, "ಬರೋವಾಗಲೇ ಹೋಗಿ ಬಾ ಅಂತೀರಲ್ಲ, ಸೋಜಿಗದ ಊರಪ್ಪ" ಅಂತ ನಕ್ಕರು. ಮದುವೆ ಗಡಿಬಿಡಿಯಲ್ಲಿ ಅವರಿಗೆ ಬಿಡಿಸಿ ಹೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಗೇಟಿನ ಹತ್ತಿರ ಹೊರಟ ನೆಂಟರಿಗೆ ತೆಂಗಿನಕಾಯಿ, ವೀಳ್ಯದೆಲೆಯ ಚೀಲ ಕೊಡಲು ಅತ್ತಿಗೆ ವಿಶಾಲಾಕ್ಷಿ ಕೆಂಚಮ್ಮನನ್ನು ಕೂರಿಸಿದ್ದಳು. ಅವರಿಬ್ಬರೂ ಚಿಕ್ಕಂದಿನ ಗೆಳತಿಯರು. "ಆ ಜಾಗಕ್ಕೆ ಅವಳಾ? ಮಂಗಳ ಕಾರ್ಯ" ಅಂತ ಅಣ್ಣ ಗೊಣಗಿದ. "ಅವಳು ಕಾಯಿ ಕೊಡ್ತಾಳೆ, ಮಾತು ಪಕ್ಕದೋರು ಹೇಳ್ತಾರೆ. ಕಾಯಿ ಕೊಡೋಕೆ ಬಾಯಿ ಯಾಕೆ?" ಅಂತ ಅತ್ತಿಗೆ ಮುಗಿಸಿಬಿಟ್ಟಳು. ಹಾಗೆ ಕೆಂಚಮ್ಮ ಎರಡು ದೊಡ್ಡ ಗೋಣಿಚೀಲದ ತುಂಬ ಕಾಯಿ ಇಟ್ಟುಕೊಂಡು ಗೇಟಿನ ಕಂಬಕ್ಕೆ ಒರಗಿ ಕೂತಳು.

ಮುಹೂರ್ತ ಚೆನ್ನಾಗಿ ಆಯಿತು. ಮೊದಲ ಪಂಕ್ತಿ ಎದ್ದು ಎರಡನೆಯದು ಕೂತಾಗ ತೊಂದರೆ ಶುರುವಾಯಿತು. ಐಸ್‌ಕ್ರೀಂ ಮುಗಿದುಹೋಗಿತ್ತು. ಗಂಡಿನ ಸೋದರಮಾವ ಎಲೆಯ ಮುಂದೆ ಕೂತು, "ನಮ್ಮ ಕಡೆ ಐಸ್‌ಕ್ರೀಂ ಇಲ್ದೆ ಊಟ ಮುಗಿಸೋ ಅಭ್ಯಾಸ ಇಲ್ಲ, ಇರ್ಲಿ ಬಿಡಿ" ಅಂದರು. ಆ "ಇರ್ಲಿ ಬಿಡಿ" ಇದೆಯಲ್ಲ, ಅದು ಅಣ್ಣನಿಗೆ ಚುಚ್ಚಿತು. ಅಲ್ಲೇ ಹಾದುಹೋಗುತ್ತಿದ್ದ ಓಬಿಯನ್ನು ಎಲ್ಲರೆದುರು ತಡೆದು, "ಒಂದು ಐಸ್‌ಕ್ರೀಂ ನೋಡ್ಕೊಳ್ಳೋಕೆ ಆಗ್ಲಿಲ್ವೇನೋ ನಿನ್ ಕೈಲಿ? ಅಕ್ಕನ ಮದುವೇಲಿ ನೀನೇನು ನೆಂಟನಾ?" ಅಂತ ಗದರಿದ. ಓಬಿ ಹೊರಗೆ ಹೋದ. ಅವನ ಕಿವಿ ಕೆಂಪಾಗಿದ್ದು ನನಗೆ ಕಂಡಿತು. ಅದು ಬೈಸಿಕೊಂಡದ್ದಕ್ಕೆ ಅಂದುಕೊಂಡೆ.

ನಾನು ಹಪ್ಪಳದ ಬುಟ್ಟಿ ಹಿಡಿದು ಪಂಕ್ತಿಯ ಮಧ್ಯದಲ್ಲಿದ್ದಾಗ ಜಬಿ ಬಂದು ಸೆರಗು ಎಳೆದ. ಜಬೀವುಲ್ಲಾ ಓಬಿಯ ಸಹಪಾಠಿ, ಚಿಕ್ಕಂದಿನಿಂದ ನಮ್ಮ ಮನೆಯಲ್ಲೇ ಆಡಿ ಬೆಳೆದವನು. ಅವನೂ ನನ್ನನ್ನು ಅತ್ತೆ ಅಂತಲೇ ಕರೆಯುವುದು.

"ಅತ್ತೆ, ವಸಿ ಈಚೆಗೆ ಬನ್ನಿ."

"ಏನ್ಲಾ, ಕೈಯಲ್ಲಿ ಹಪ್ಪಳ ಐತೆ."

"ಹಪ್ಪಳ ಬಿಡಿ. ಓಬಿ ಬೈಕ್ ತಗೀತಾವ್ನೆ. ಬೆಳಗ್ಗಿಂದ ನೀರಿನ ಟ್ಯಾಂಕ್ ಹಿಂದೆ ನಮ್ ಕ್ಲಾಸಿನ ಯೋಗೀಶನ ಜೊತೆ ಕೂತ್ಕೊಂಡು ಜ್ಯೂಸ್ ಬಾಟ್ಲಿಗೆ ಬೆರೆಸ್ಕೊಂಡು ಕುಡ್ದವ್ನೆ. ಈಗ ಐಸ್‌ಕ್ರೀಂ ತರ್ತೀನಿ ಅಂತ ಹೊಂಟವ್ನೆ. ಯೋಗೀಶ ಹಿಂದೆ ಕೂತ್ಕೋತಾನಂತೆ. ಹೋಗಿ ಬಾ ಅನ್ನು ಅಂತ ನನ್ನ ಗೋಗರೀತಾವ್ನೆ."

"ನೀನು ಅಂದ್ಯಾ?"

"ಇಲ್ಲ ಅತ್ತೆ. ಬಾಯಿಗೆ ಬಂದಿತ್ತು, ನುಂಗ್ಕೊಂಡೆ." ಹುಡುಗ ಬಾಗಿಲ ಕಡೆ ತಿರುಗಿ ನೋಡಿದ. "ಇನ್ಮೇಲೆ ನೀನು ನನ್ ದೋಸ್ತೇ ಅಲ್ಲ ಅಂದ. ನಾನು ಅನ್ಲಿಲ್ಲ, ಆದ್ರೆ ಬೇರೆ ಯಾರಾದ್ರೂ ಅಂತಾರಲ್ಲ. ಮದ್ವೆ ಮನೆ ಇದು, ಹೇಳೋ ಬಾಯಿಗೆ ಬರವಾ?"

ನಾನು ಬುಟ್ಟಿಯನ್ನು ಯಾರದೋ ಮಡಿಲಿಗೆ ಹಾಕಿ ಹೊರಗೆ ಬಂದೆ. ಓಬಿ ಜರಿ ಪಂಚೆಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿಕೊಂಡು ಬೈಕಿನ ಮೇಲೆ ಕೂತಿದ್ದ. ಯೋಗೀಶ ಹಿಂದೆ ಅವನ ಬೆನ್ನಿಗೆ ಗಲ್ಲ ಆನಿಸಿ ಸುಮ್ಮನೆ ನಗುತ್ತಿದ್ದ. ಹತ್ತಿರ ಹೋದರೆ ಹುಳಿವಾಸನೆ.

"ಓಬಿ, ಕೀ ಕೊಡು."

"ನಾನು ಸರಿಯಾಗೇ ಇದೀನಿ ಅತ್ತೆ. ಬೇಕಾದ್ರೆ ಗೆರೆ ಮೇಲೆ ನಡೆದು ತೋರಿಸ್ತೀನಿ ನೋಡು" ಅಂದು ಇಳಿದ. ಬಾಗಿಲಿನ ಮುಂದೆ ಅಕ್ಕನ ಮದುವೆಗೆಂದು ಹಾಕಿದ್ದ ದೊಡ್ಡ ರಂಗೋಲಿಯ ಅಂಚಿನ ಮೇಲೆ ತೋಳು ಚಾಚಿಕೊಂಡು ನಡೆದ. ಮೊದಲ ಹೆಜ್ಜೆ ಕಮಲದ ಮೇಲೆ ಬಿತ್ತು. ಎರಡನೆಯದು ನವಿಲಿನ ಕುತ್ತಿಗೆ ಅಳಿಸಿತು. ಕಾಲೆಲ್ಲ ಬಣ್ಣ ಮೆತ್ತಿಕೊಂಡು ತಿರುಗಿ ನಿಂತು, "ನೋಡಿದ್ಯಾ?" ಅಂದ.

"ನೋಡಿದೆ. ಕೀ ಕೊಡು."

"ಕೊಡಲ್ಲ. ಐಸ್‌ಕ್ರೀಂ ತರದೆ ನಾನು ನಮ್ಮಪ್ಪಂಗೆ ಮುಖ ತೋರಿಸಲ್ಲ. ನೀನು ಹೇಳದಿದ್ರೆ ಬಿಡು, ಊರೇ ಐತೆ."

ಆಮೇಲೆ ನಡೆದದ್ದನ್ನು ಈಗ ನೆನೆದರೆ ನಗು ಬರುತ್ತದೆ. ಆಗ ಮಾತ್ರ ನಗುವ ಹಾಗಿರಲಿಲ್ಲ. ಓಬಿ ಒಬ್ಬೊಬ್ಬರ ಹತ್ತಿರ ಹೋಗಿ "ಹೋಗ್ಬರ್ತೀನಿ" ಅನ್ನುವುದು, ನಾನೂ ಜಬಿಯೂ ಅವನ ಬೆನ್ನ ಹಿಂದೆ ನಿಂತು ತುಟಿಯ ಮೇಲೆ ಬೆರಳಿಟ್ಟು ತಲೆ ಆಡಿಸುವುದು. ಜನರಿಗೆ ಅರ್ಥವಾಗುತ್ತಿತ್ತು, ಅವನ ಕಣ್ಣು ನೋಡಿದರೆ ಸಾಕಿತ್ತು. ಆದರೆ ಬಾಯಿ ಕೇಳಬೇಕಲ್ಲ. ಹುಟ್ಟಿದಾಗಿನಿಂದ ರೂಢಿಯಾದ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಕೈ ತೊಳೆಯುತ್ತಿದ್ದ ಶಾಂತಪ್ಪ ಮಾತು ಹೊರಗೆ ಬೀಳದಿರಲಿ ಅಂತ ನೀರು ಬಾಯಿಗೆ ತುಂಬಿಕೊಂಡು ಕೆನ್ನೆ ಉಬ್ಬಿಸಿ ನಿಂತ. ಅವನ ಹೆಂಡತಿ ಗೋಡೆ ಕಡೆ ತಿರುಗಿಕೊಂಡಳು. ಒಬ್ಬರು ಇಡೀ ಲಾಡು ಬಾಯಿಗೆ ತುರುಕಿಕೊಂಡರು. ಪುರೋಹಿತರು ಇದ್ದಕ್ಕಿದ್ದಂತೆ ಗಟ್ಟಿಯಾಗಿ ಮಂತ್ರ ಶುರುಮಾಡಿದರು. ಹೇಳದೆ ಇದ್ದುದಕ್ಕೆ ಎಲ್ಲರ ಮುಖದಲ್ಲೂ ಪಾಪ ಮಾಡಿದ ಕಳೆ. ಒಬ್ಬ ಮುದುಕಿಯಂತೂ ಕಣ್ಣೀರು ಹಾಕಿಕೊಂಡು, "ಮದ್ವೆ ದಿನ ಎಳೇ ಹುಡುಗನಿಗೆ ಶಾಪ ಹಾಕಿಸ್ತೀಯಲ್ಲೇ ದಾಕ್ಷಿ" ಅಂತ ನನ್ನ ಕೈ ಹಿಡಿದಳು. ನಾನು ಅವಳ ಬಾಯಿಯ ಮೇಲೆ ಕೈ ಇಟ್ಟೆ. ದೊಡ್ಡವರ ಬಾಯಿ ಮುಚ್ಚಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ಅಷ್ಟರಲ್ಲಿ ಓಬಿ ಹೊಂಗೆ ಮರದ ನೆರಳಿಗೆ ಹೋಗಿದ್ದ. ಅಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ರುದ್ರಪ್ಪಜ್ಜ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದರು. ಓಬಿ ಅವರ ಕಾಲಿಗೆ ಬಿದ್ದ.

"ತಾತ, ಐಸ್‌ಕ್ರೀಂ ತರೋಕೆ ಹೊಂಟಿದೀನಿ. ಹೋಗ್ಬರ್ತೀನಿ."

ನಾನು ಓಡಿದೆ. ನಾನು "ಅಜ್ಜಾರೇ" ಅನ್ನುವಷ್ಟರಲ್ಲಿ ಆ ಪುಣ್ಯಾತ್ಮರು ಅವನ ತಲೆ ಸವರಿ, ಮುಖವನ್ನು ಎತ್ತಿ ನೋಡಿ, ಮನಸಾರೆ ಹೇಳಿಬಿಟ್ಟಿದ್ದರು. "ಹೋಗಿ ಬಾರಪ್ಪ. ಚೆಂದಾಗಿ ಹೋಗಿ ಬಾ."

ಓಬಿ ಓಡಿ ಹೋಗಿ ಬೈಕು ಹತ್ತಿದ. ಅದು ಗುರ್ ಎಂದಿತು. ಯೋಗೀಶ ಅವನ ಸೊಂಟ ಹಿಡಿದ. ಜಬಿ ಹಿಂದಿನಿಂದ ಹೋಗಿ ಕ್ಯಾರಿಯರ್ ಹಿಡಿದುಕೊಂಡ, ನಾಲ್ಕು ಹೆಜ್ಜೆ ಜೊತೆಗೇ ಎಳೆದುಕೊಂಡು ಹೋಗಿ ಬಿದ್ದ. ಬೈಕು ಅಂಗಳದ ಇಳಿಜಾರಿನಲ್ಲಿ ಹಾವಿನ ಹಾಗೆ ಹೊರಳುತ್ತ ಗೇಟಿನ ಕಡೆಗೆ ಇಳಿಯಿತು. ಒಂದು ಕುರ್ಚಿ ಉರುಳಿತು. ಹೆಂಗಸರು ಮಕ್ಕಳನ್ನು ಎಳೆದುಕೊಂಡರು. ನಾನು ಕಿರುಚಿದೆ. ಏನು ಅಂತ ಕಿರುಚಿದೆನೋ ಗೊತ್ತಿಲ್ಲ, ಅವನ ಹೆಸರಂತೂ ಆಗಿರಲಿಲ್ಲ. "ಕೆಂಚೀ" ಅಂತ ಕೂಗಿದೆ ಎಂದು ಆಮೇಲೆ ಜಬಿ ಹೇಳಿದ.

ಕೆಂಚಮ್ಮ ಎದ್ದು ನಿಂತಳು. ಅವಳು ಬೈಕಿಗೆ ಅಡ್ಡ ನಿಲ್ಲುತ್ತಾಳೆ ಅಂದುಕೊಂಡೆ. ಅವಳು ಅಂಥ ದಡ್ಡಿ ಅಲ್ಲ. ಗೋಣಿಚೀಲದ ಬಾಯಿಗೆ ಕೈ ಹಾಕಿ, ಬುಡಕ್ಕೆ ಕಾಲು ಕೊಟ್ಟು, ಇಡೀ ಚೀಲವನ್ನು ಗೇಟಿನ ನಡುವೆ ಬೋರಲು ಹಾಕಿದಳು. ಬೆನ್ನಿಗೇ ಎರಡನೆಯದನ್ನೂ. ಗುಡುಗಿದ ಹಾಗೆ ಸದ್ದಾಯಿತು. ಮದುವೆಯ ಅಷ್ಟೂ ತೆಂಗಿನಕಾಯಿ ಗೇಟಿನ ಉದ್ದಗಲ ಉರುಳಾಡಿದವು. ಓಬಿ ಅದನ್ನು ನೋಡಿ ಬ್ರೇಕ್ ಒತ್ತಿದ. ಬೈಕು ಕಾಯಿಯ ರಾಶಿಯ ಅಂಚಿಗೆ ಮೂಗು ತಾಗಿಸಿ, ಅತ್ತ ಇತ್ತ ವಾಲಿ, ಮೆಲ್ಲಗೆ ಮಗ್ಗುಲಿಗೆ ಒರಗಿಬಿಟ್ಟಿತು. ಯೋಗೀಶ ಒಂದು ಕಾಯಿಯ ಮೇಲೇ ಕೂತ. ಓಬಿಯ ಮೊಣಕೈ ತರಚಿತು. ಎಂಜಿನ್ ಆಫ್ ಆಯಿತು.

ಒಂದಷ್ಟು ಕಾಯಿ ಇಳಿಜಾರಿನಲ್ಲಿ ಹಾಗೇ ಉರುಳಿಕೊಂಡು ದೊಡ್ಡ ರಸ್ತೆಗೆ ಹೋದವು. ಎಡಗಡೆಯಿಂದ ಜಲ್ಲಿ ಲಾರಿಯೊಂದು ಹಾರನ್ ಬಡಿಯುತ್ತ ಬಂತು, ನಿಲ್ಲಲು ಅದಕ್ಕೆ ಆಗಲಿಲ್ಲ. ಒಂದು ಕಾಯಿ ಚಕ್ರಕ್ಕೆ ಸಿಕ್ಕಿತು. ಠಪ್ ಅಂತ ಒಡೆದು, ನೀರು ಚಿಮ್ಮಿ, ಬಿಳಿ ತಿರುಳು ಟಾರಿನ ಮೇಲೆ ಚೆಲ್ಲಿತು. ಲಾರಿ ಹೋಗಿ ದೂಳು ಕೂತಿತು. ಎಲ್ಲರೂ ಆ ತಿರುಳನ್ನೇ ನೋಡುತ್ತಿದ್ದೆವು. ಓಬಿಯೂ ನೋಡುತ್ತಿದ್ದ.

ಆದರೆ ಕುಡಿದವನ ಹಟ ಅಷ್ಟು ಬೇಗ ಇಳಿಯುತ್ತದೆಯೇ? ಎದ್ದು ಬೈಕನ್ನು ನಿಲ್ಲಿಸಿ ಸ್ವಿಚ್ ಒತ್ತಿದ. ಕಿರ್ ಕಿರ್ ಅಂತಷ್ಟೇ ಅಂದಿತು. ಒಮ್ಮೆ ನಿಂತ ಗಾಡಿಗೆ ಮತ್ತೆ ಹೊಸದಾಗಿ ಹೇಳಬೇಕು. ಅವನು ನಮ್ಮೆಲ್ಲರ ಕಡೆ ತಿರುಗಿದ.

"ಯಾರಾದ್ರೂ ಹೇಳ್ರೋ!"

ಊಟದ ಮನೆಯಿಂದಲೂ ಜನ ಕೈ ತೊಳೆಯದೆ ಎದ್ದು ಬಂದಿದ್ದರು. ಅಷ್ಟು ಜನ ತುಂಬಿದ ಅಂಗಳದಲ್ಲಿ ಒಂದು ಬಾಯಿಯೂ ತೆರೆಯಲಿಲ್ಲ. ರುದ್ರಪ್ಪಜ್ಜ ಮಾತ್ರ ಕಂಗಾಲಾಗಿ, "ನಾನೇನು ತಪ್ಪು ಮಾಡಿದೆ ತಾಯಿ? ನಮ್ಮೂರಲ್ಲಿ ಎಲ್ಲಾರಿಗೂ ಹೇಳೋ ಮಾತದು" ಅಂತ ನನ್ನನ್ನು ಕೇಳುತ್ತಿದ್ದರು. ಅವರಿಗೆ ಆಗ ವಿಷಯ ತಿಳಿಸಿದೆ. ಅವರು ಕುರ್ಚಿ ಹಿಡಿದು ಕೂತುಬಿಟ್ಟರು.

ಆಗ ಅಣ್ಣ ಬಂದ. ತಲೆಗೆ ಪೇಟ, ಹೆಗಲಿಗೆ ಶಲ್ಯ, ಮುಖದಲ್ಲಿ ಬೆವರು. ಅವನ ಹಿಂದೆ ಗಂಡಿನ ಸೋದರಮಾವ.

"ಅಪ್ಪ" ಅಂದ ಓಬಿ. ಅವನ ದನಿ ಚಿಕ್ಕ ಹುಡುಗನದಾಗಿತ್ತು. "ನೀನೇ ಅಲ್ವಾ ಬೈದಿದ್ದು? ನೀನು ಹೇಳು. ಈಗ ಹೋಗಿ ತತ್ತೀನಿ."

ಅಣ್ಣ ನನ್ನ ಮುಖ ನೋಡಿದ. ಮಗನ ಮುಖ ನೋಡಿದ. ರಂಗೋಲಿ ಮೆತ್ತಿದ ಅವನ ಕಾಲು ನೋಡಿದ. ಮಗ ಕುಡಿದಿದ್ದಾನೆ ಅನ್ನುವುದು ಅವನಿಗೆ ತಿಳಿದದ್ದೇ ಆಗ. ನಾಚಿಕೆಯಿಂದ ಅವನ ಕಿವಿಯೂ ಕೆಂಪಾಯಿತು. ಹೇಳದಿದ್ದರೆ ಊರವರೆದುರು ಮಗನಿಗೆ ಶಾಪ ಕೊಟ್ಟ ತಂದೆ, ಬೀಗರೆದುರು ಕುಡುಕನನ್ನು ಹೆತ್ತ ತಂದೆ ಅನ್ನಿಸಿಕೊಳ್ಳಬೇಕು. ಅವನಿಗೆ ಎರಡೂ ಸಾವೇ. ಸೋದರಮಾವ ಮೆತ್ತಗೆ, "ಒಳ್ಳೇ ದಿನ, ಹೇಳಿ ಕಳಿಸಿಬಿಡಿ ಬೀಗರೆ, ಹುಡುಗ ನೊಂದ್ಕೋತಾನೆ" ಅಂದರು. ಅಣ್ಣನ ತುಟಿ ಬಿಚ್ಚಿತು. ನಾನು ಕಣ್ಣು ಮುಚ್ಚಿಕೊಂಡೆ.

"ಹೇಳಲ್ಲ ಕಣೋ" ಅಂದ ಅಣ್ಣ.

ಕಣ್ಣು ತೆರೆದೆ. ಅಣ್ಣ ಪೇಟ ತೆಗೆದು ಕೈಯಲ್ಲಿ ಹಿಡಿದಿದ್ದ.

"ಐಸ್‌ಕ್ರೀಂ ಹಾಳಾಗೋಗ್ಲಿ. ಬೀಗರು ಬೇಜಾರಾದ್ರೂ ಆಗ್ಲಿ. ನಾನು ಹೇಳಲ್ಲ, ಮಗನೆ."

ಓಬಿಗೆ ಅದನ್ನು ನಂಬಲಾಗಲಿಲ್ಲ. "ಹೊಂಟಿರೋ ಮಗನಿಗೆ ಹೋಗಿ ಬಾ ಅನ್ನಲ್ವಾ? ಅಂದ್ರೆ ನಾನು ತಿರುಗಿ ಬರೋದು ಬ್ಯಾಡ್ವಾ ನಿಂಗೆ?" ಅಂತ ಕೂಗಿದ.

ಉತ್ತರ ಕೊಟ್ಟವಳು ಕೆಂಚಮ್ಮ. ಅವಳು ಬಗ್ಗಿ ಕಾಯಿಗಳನ್ನು ಆರಿಸಿ ಸೆರಗಿಗೆ ತುಂಬಿಕೊಳ್ಳುತ್ತಿದ್ದಳು. ತಲೆ ಎತ್ತದೆಯೇ, ಸಂತೆಯಲ್ಲಿ ಚೌಕಾಸಿ ಮಾಡುವವನಿಗೆ ಹೇಳುವ ಹಾಗೆ ಹೇಳಿದಳು.

"ಹೋದ್ರೆ ತಾನೇನೋ ಬರೋ ಮಾತು? ಹೋಗ್ಲೇ ಬ್ಯಾಡ. ಇಲ್ಲೇ ಇರು."

ಯಾರೋ ಕಿಸಕ್ಕನೆ ನಕ್ಕರು. ಆ ನಗು ಅಂಗಳದಲ್ಲಿ ಅಲ್ಲೊಂದು ಇಲ್ಲೊಂದು ಹತ್ತಿಕೊಂಡಿತು. ಅದು ಓಬಿಯನ್ನು ನೋಡಿ ನಕ್ಕದ್ದಲ್ಲ, ಇಷ್ಟು ಹೊತ್ತು ಹಿಡಿದ ಉಸಿರು ಬಿಟ್ಟದ್ದು. ಶಾಂತಪ್ಪ ಬಾಯಲ್ಲಿ ತುಂಬಿಕೊಂಡಿದ್ದ ನೀರನ್ನು ಆಗ ಉಗಿದ. ಓಬಿ ಬೈಕಿನ ಹ್ಯಾಂಡಲ್ ಮೇಲೆ ತಲೆ ಇಟ್ಟು ಅಳತೊಡಗಿದ. ಆಮೇಲೆ ಓಡಿಹೋಗಿ ಹೊಂಗೆ ಮರದ ಬುಡದಲ್ಲಿ ವಾಂತಿ ಮಾಡಿಕೊಂಡ. ಅಣ್ಣ ಹಿಂದೆಯೇ ಹೋಗಿ ಅವನ ಹಣೆ ಹಿಡಿದು ನಿಂತ. ಬೀಗರು ಹೊದಿಸಿದ್ದ ಜರಿ ಶಲ್ಯದಿಂದಲೇ ಮಗನ ಬಾಯಿ ಒರೆಸಿದ. ಆಮೇಲೆ ಬೈಕಿನಿಂದ ಕೀ ಕಿತ್ತುಕೊಂಡು ಬಂದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ. ಓಬಿ ತಡೆಯಲಿಲ್ಲ.

ಯೋಗೀಶ ಇನ್ನೂ ಗೇಟಿನಲ್ಲೇ ಕೂತಿದ್ದ. ಅವನ ನಗುವೆಲ್ಲ ಇಳಿದುಹೋಗಿತ್ತು. "ಅಕ್ಕಾ, ನಾನು ಮನೆಗೆ ಹೋಗಲ್ಲ, ಇಲ್ಲೇ ಎಲ್ಲಾದ್ರೂ ಮಲಗ್ತೀನಿ" ಅಂದ ಮೆಲ್ಲಗೆ. "ಮಲ್ಕೋ. ಮೊದಲು ಆ ಕಾಯಿ ಮೇಲಿಂದ ಏಳು, ಅದೂ ಕೊಡೋ ಕಾಯಿನೇ" ಅಂದಳು ಕೆಂಚಮ್ಮ.

ಐಸ್‌ಕ್ರೀಂ ವಿಷಯಕ್ಕೆ ರುದ್ರಪ್ಪಜ್ಜನೇ ಎದ್ದು ಬಂದು ತಮ್ಮ ಕಡೆಯವನನ್ನು ಗದರಿದರು. "ಐಸ್‌ಕ್ರೀಂ ತಿಂದೇ ಹುಟ್ಟಿದ್ಯೇನೋ ನೀನು? ಮೊಸರನ್ನ ಉಂಡು ಏಳು." ಸೋದರಮಾವ ತಲೆ ತಗ್ಗಿಸಿದರು. ಆದರೆ ಅಷ್ಟರಲ್ಲಿ ಜಬಿ, ಮೊಣಕಾಲಿನ ದೂಳು ಒರೆಸಿಕೊಂಡು, ಅಡುಗೆಯವರ ಲಗೇಜ್ ಆಟೋ ಹತ್ತಿ ಕೂತಿದ್ದ. ಅವನಿಗೆ ಅದನ್ನು ಓಡಿಸಲು ಬರುತ್ತಿತ್ತು. ಅವರ ಅಪ್ಪನದೂ ಅಂಥದೇ ಗಾಡಿ.

"ನಾನು ಹೋಗ್ಬರ್ತೀನಿ" ಅಂದ, ಸ್ವಲ್ಪ ಹೆದರಿಕೊಂಡೇ. ಆ ದಿನ ಆ ಮಾತು ಕೇಳಿದರೆ ಏನಾಗುತ್ತದೋ ಅನ್ನುವ ಅನುಮಾನ ಅವನಿಗೆ.

ಇಡೀ ಅಂಗಳ ಬಾಯಿ ಬಿಟ್ಟಿತು. "ಹೋಗಿ ಬಾ!" ಶಾಂತಪ್ಪ ಹೇಳಿದ, ಅವನ ಹೆಂಡತಿ ಹೇಳಿದಳು, ಲಾಡು ನುಂಗಿದವರು ಹೇಳಿದರು, ಪುರೋಹಿತರು ಕೈ ಎತ್ತಿ ಹೇಳಿದರು. ಅಷ್ಟು ಹೊತ್ತಿನಿಂದ ಬಾಯಲ್ಲಿ ಕೂಡಿಟ್ಟುಕೊಂಡದ್ದನ್ನೆಲ್ಲ ಆ ಹುಡುಗನ ಮೇಲೆ ಸುರಿದರು. ಅವನ ಕೈ ಕೀಗೆ ತಾಗುವ ಮುಂಚೆಯೇ ಆಟೋ ಎದ್ದು ಕುಣಿಯಿತು. ಕೆಂಚಮ್ಮ ಹೇಳಿದಳೋ ಇಲ್ಲವೋ ಆ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಅವಳು ಕಾಯಿಗಳನ್ನು ಪಕ್ಕಕ್ಕೆ ಸರಿಸಿ ಅವನಿಗೆ ದಾರಿ ಬಿಡುತ್ತಿದ್ದಳು.

ಈಗ ನಮ್ಮೂರಿನಲ್ಲಿ ಹೇಳದೆ ಇರುವುದು ಶಾಪವಲ್ಲ. ಅದು ಒಂದೇ ದಿನಕ್ಕೆ ಆದದ್ದಲ್ಲ. ಬಹಳ ಮಂದಿ ಬೈದರು, ಮದುವೆಯಾದ ಹುಡುಗಿಗೆ ಏನಾದೀತೋ ಅಂತ ಕಾದರು. ನಾಗವೇಣಿಗೆ ಏನೂ ಆಗಲಿಲ್ಲ, ಗಂಡನ ಜೊತೆ ಸುಖವಾಗಿದ್ದಾಳೆ. ನನ್ನ ಸ್ಟ್ಯಾಂಡಿಗೆ ಸಂಜೆ ಹುಡುಗರು ಬರುತ್ತಾರೆ, ಕುಡಿದ ವಾಸನೆ ಬರದ ಹಾಗೆ ಮುಖ ಓರೆ ಮಾಡಿಕೊಂಡು ನಿಲ್ಲುತ್ತಾರೆ. "ಇವತ್ತು ಬ್ಯಾಡ, ನಾಳೆ ತಗೊಂಡು ಹೋಗು" ಅನ್ನುತ್ತೇನೆ. ಗೊಣಗುತ್ತ ಬಸ್ಸಿಗೆ ಹೋಗುತ್ತಾರೆ, ಇಲ್ಲವೇ ಕುಡಿಯದ ಗೆಳೆಯನೊಬ್ಬನನ್ನು ಹುಡುಕಿ ತರುತ್ತಾರೆ. ಜಬಿಗೆ ಈ ವಿಷಯದಲ್ಲಿ ಬಹಳ ಬೇಡಿಕೆ. ಓಬಿಯೂ ಅವನೂ ಎರಡೇ ದಿನದಲ್ಲಿ ಮತ್ತೆ ಒಂದಾದರು. ಯಾರು ಮೊದಲು ಮಾತಾಡಿಸಿದರೋ ಗೊತ್ತಿಲ್ಲ, ಇಬ್ಬರೂ ಒಂದೇ ತಟ್ಟೆಯಲ್ಲಿ ತಿನ್ನುವುದು ಕಂಡಿತು.

ಆದರೆ ನನಗೆ ನೆನಪಿನಲ್ಲಿ ಉಳಿದಿರುವುದು ಅವತ್ತೇ ಇಳಿಹೊತ್ತು. ಜಬಿ ಐಸ್‌ಕ್ರೀಂ ತಂದಿದ್ದ, ಅರ್ಧ ಕರಗಿತ್ತು, ಎಲ್ಲರೂ ಪಾಯಸದ ಹಾಗೆ ಲೋಟದಲ್ಲಿ ಕುಡಿದಿದ್ದರು. ನೆಂಟರು ಚದುರುತ್ತಿದ್ದರು. ನಾನು ಅತ್ತಿಗೆಯನ್ನು ಹುಡುಕಿಕೊಂಡು ಉಗ್ರಾಣಕ್ಕೆ ಹೋದೆ. ಅಲ್ಲಿ ಬಾಳೆಎಲೆಯ ಕಟ್ಟು, ಅಕ್ಕಿ ಮೂಟೆಗಳ ನಡುವೆ ಜಮಖಾನ ಹಾಸಿ ಓಬಿಯನ್ನು ಮಲಗಿಸಿದ್ದರು. ಒಂದು ಕಾಲಿಗೆ ಇನ್ನೂ ರಂಗೋಲಿಯ ನೀಲಿ ಬಣ್ಣವಿತ್ತು. ಬಾಯಿ ತೆರೆದು, ಮಾಡು ಹಾರುವ ಹಾಗೆ ಗೊರಕೆ ಹೊಡೆಯುತ್ತಿದ್ದ. ಅತ್ತಿಗೆ ಪಕ್ಕದಲ್ಲಿ ಕೂತು, ಮುರಿದ ರಟ್ಟಿನ ಡಬ್ಬದ ಮುಚ್ಚಳದಲ್ಲಿ ಗಾಳಿ ಬೀಸುತ್ತಿದ್ದಳು. ನಡುನಡುವೆ ಬೀಸುವುದನ್ನು ನಿಲ್ಲಿಸಿ ಅವನ ತೊಡೆಗೆ ಒಂದು ಏಟು ಹಾಕುವಳು, ಮತ್ತೆ ಬೀಸುವಳು. ಅವನಿಗೆ ಎಚ್ಚರವಿಲ್ಲ.

"ಕೇಳು, ಗೊರಕೆ ಕೇಳು" ಅಂದಳು ನನ್ನನ್ನು ನೋಡಿ. ಕಣ್ಣು ಊದಿಕೊಂಡಿತ್ತು, ಆದರೂ ನಗುತ್ತಿದ್ದಳು. "ಮದ್ವೆಯಾದಾಗಿಂದ ಇವರಪ್ಪನ ಗೊರಕೆಗೆ ಬೈಕೊಂಡು ಬಂದೋಳು ನಾನು. ಇವತ್ತು ಎಷ್ಟು ಕೇಳಿದ್ರೂ ಸಾಲ್ದು ಅನ್ನಿಸ್ತದೆ."

ನಾನು ಗೋಡೆಗೆ ಒರಗಿ ಕೂತೆ. ಆಗ ಗೊತ್ತಾಯಿತು, ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವಳಿಗೂ ಅಷ್ಟೆ. ಅಡುಗೆಯವರು ಉಳಿದದ್ದನ್ನು ಒಂದೇ ಎಲೆಗೆ ಬಡಿಸಿಕೊಟ್ಟರು. ಆ ಗೊರಕೆಯ ಪಕ್ಕದಲ್ಲೇ ಇಬ್ಬರೂ ಎಲೆಯ ಆಚೆ ಈಚೆ ಕೂತು ಉಣ್ಣತೊಡಗಿದೆವು. ಅನ್ನ ಆರಿ ಹೋಗಿತ್ತು, ಸಾರು ತಣ್ಣಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ.